ಅಜ್ಜಿಯ ನಾಲ್ಕು ಬೆರಳು

"ಇದು ಚಿತ್ರ ಅಲ್ಲ, ಮೋಸ!"

ಶೈಲಾ ಪ್ರದರ್ಶನದ ಗೋಡೆಯಿಂದ ಆ ಚಿತ್ರವನ್ನು ಕಿತ್ತಳು. ಕಬ್ಬು ಕಡಿಯುವ ಮುದುಕಿಯ ಚಿತ್ರ. ಬರೆದವಳು ಏಳನೇ ತರಗತಿಯ ಮಾಯಾ.

ಧನಕವಡಿಯ ಆ ಮರಾಠಿ ಶಾಲೆಯಲ್ಲಿ ಶೈಲಾ ಎಂಟು ವರ್ಷದಿಂದ ಚಿತ್ರಕಲೆ ಕಲಿಸುತ್ತಿದ್ದಳು. ಎದುರಿಗಿದ್ದವನು ಶಿವರಾಜ, ಹೊಸ ಕಂಪ್ಯೂಟರ್ ಶಿಕ್ಷಕ, ಅವಳಂತೆಯೇ ಕನ್ನಡದವನು. ಮಕ್ಕಳು ಮಾತಿನಲ್ಲಿ ವರ್ಣಿಸಿದ್ದನ್ನು ಅವನ ತರಗತಿಯಲ್ಲಿ ಎಐ ಚಿತ್ರವಾಗಿಸಿ ತೋರಿಸುತ್ತಿತ್ತು. ಅವರಿಬ್ಬರೂ ಮಾತಾಡಿದ್ದು ಅವತ್ತೇ ಮೊದಲು!

"ಒಂದ್ ನಿಮಿಷ ಕೇಳ್ರಿ ಮೇಡಂ..."

"ಏನ್ ಕೇಳೂದ್ರಿ? ಈ ಕೈ ನೋಡ್ರಿ, ನಾಕs ಬೆರಳು! ಮಷೀನಿಗೆ ಬೆರಳು ಎಣಸಾಕ ಬರೂದಿಲ್ಲ. ಅದನ್ನ ನೋಡಿ ಹುಡುಗಿ ಕಡೆ ತೀಡಿಸೀರಿ. ಕಲಸಾಕ ಬಂದೀರೋ, ಮಕ್ಕಳ ಕೈ ಕೆಡಸಾಕ ಬಂದೀರೋ?"

ಪ್ರದರ್ಶನಕ್ಕೆ ಬಂದಿದ್ದ ಪಾಲಕರೆಲ್ಲ ತಿರುಗಿ ನೋಡಿದರು. ಶಿವರಾಜನ ಮುಖ ಕೆಂಪಾಯಿತು. ಅವನು ಅಳುತ್ತಿದ್ದ ಮಾಯಾಳ ಬಳಿಗೆ ಹೋದ.

ಮರುದಿನ ಮಾಯಾ ಕಂಪ್ಯೂಟರ್ ತರಗತಿಯ ತನ್ನ ವಹಿಯನ್ನು ಶೈಲಾಳ ಮೇಜಿನ ಮೇಲಿಟ್ಟು, ತಲೆಯೆತ್ತದೆ ಹೊರಟುಹೋದಳು.

ವಹಿಯಲ್ಲಿ ಎಐ ಮಾಡಿದ ನಾಲ್ಕು ಚಿತ್ರಗಳನ್ನು ಅಂಟಿಸಿದ್ದಳು. ಪಕ್ಕದಲ್ಲಿ ಮರಾಠಿಯಲ್ಲಿ ಪೆನ್ಸಿಲಿನ ಬರಹ.

'ಕಬ್ಬು ಕಡಿಯುವಾಗ ಅಜ್ಜಿ ನಗುವುದಿಲ್ಲ.'

'ಅಜ್ಜಿಯ ಸೀರೆ ಇಷ್ಟು ಹೊಸದಲ್ಲ.'

'ಅಜ್ಜಿಯ ಎಡಗೈಗೆ ನಾಲ್ಕೇ ಬೆರಳು. ಇಂದಾಪುರದ ಹೊಲದಲ್ಲಿ ಕೋಯ್ತಾ ಕತ್ತಿ ತಗುಲಿ ಒಂದು ಹೋಯಿತು. ಎಷ್ಟು ಸಲ ಹೇಳಿದರೂ ಮಷೀನು ಐದೇ ಬರೆಯುತ್ತದೆ.'

ಶೈಲಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ದೇವರೇ... ಯಾವುದನ್ನು ತಪ್ಪು ಎಂದೆ ನಾನು!

ಕೆಳಗೆ ಶಿವರಾಜನ ಅಕ್ಷರ: 'ಹಾಗಾದರೆ ನೀನೇ ಬರಿ. ಕೈ ಹೇಗೆ ಬರೆಯಬೇಕೆಂದು ಶೈಲಾ ಮೇಡಂ ಅವರನ್ನು ಕೇಳು. ಅವರಿಗಿಂತ ಚೆನ್ನಾಗಿ ಯಾರೂ ಕಲಿಸಲಾರರು.'

ನಾಚಿಕೆಯಿಂದ ಶೈಲಾ ವಹಿಯನ್ನು ಮುಚ್ಚಿಟ್ಟಳು.

ಸೋಮವಾರ ಪ್ರಾರ್ಥನೆಯ ನಂತರ ಇಡೀ ಶಾಲೆಯೆದುರು ಮೈಕ್ ಹಿಡಿದಳು. "ಮೋಸ ಮಾಡಿದವರು ಯಾರೂ ಇಲ್ಲ. ನೋಡದೆ, ಕೇಳದೆ ಅವಮಾನ ಮಾಡಿದ್ದು ನಾನು. ಮಾಯಾ, ಶಿವರಾಜ ಸರ್... ಕ್ಷಮಿಸಿ."

ಮಾಯಾ ಹತ್ತಿರ ಬಂದು ಪಿಸುಗುಟ್ಟಿದಳು. "ಟೀಚರ್, ಅವಳ ಕೈಯನ್ನು ತಪ್ಪು ಅಂದದ್ದನ್ನು ಅಜ್ಜಿಗೆ ಮಾತ್ರ ಹೇಳಬೇಡಿ."

ಆ ಮಾತು ಶೈಲಾಳನ್ನು ಇನ್ನಷ್ಟು ಕುಗ್ಗಿಸಿತು.

ಆಮೇಲೆ ಶೈಲಾ, ಶಿವರಾಜ ಇಬ್ಬರೂ ಸೇರಿ ಪಾಠ ಮಾಡತೊಡಗಿದರು. ಎಐ ಚಿತ್ರದಲ್ಲಿ ಏನು ಸುಳ್ಳು ಎಂದು ಮಕ್ಕಳು ಹುಡುಕುತ್ತಿದ್ದರು, ನಂತರ ತಮ್ಮದನ್ನು ತಾವೇ ಬರೆಯುತ್ತಿದ್ದರು. ಶಿವರಾಜ ನಗುನಗುತ್ತಾ ಮಾತಾಡುತ್ತಿದ್ದ. ಶೈಲಾ ಮಾತ್ರ ಅವನ ಮುಖ ನೋಡುತ್ತಿರಲಿಲ್ಲ. ನೋಡಿದರೆ ಅವನ ಮೇಲಿನ ನನ್ನ ಮನಸ್ಸು ಬಯಲಾಗಿಬಿಡುತ್ತದೆ... ನನಗೆ ಆ ಯೋಗ್ಯತೆ ಎಲ್ಲಿದೆ?

ಮೂರು ತಿಂಗಳ ಮೇಲೆ, ಶಾಲೆ ಬಿಟ್ಟ ಹೊತ್ತಿಗೆ, ಮೆಟ್ಟಿಲಲ್ಲಿ ಅವನು ತಡೆದ.

"ಎಷ್ಟ್ ದಿನಾ ಹಿಂಗ ನೆಲಾ ನೋಡಕೋತ ಮಾತಾಡ್ತೀರಿ?"

"ನಾಚಿಕಿ ಆಗತೈತ್ರಿ... ಅಷ್ಟ ಮಂದಿ ಮುಂದ ನಿಮ್ಮನ್ನ..."

"ಸಿಟ್ಟು ಬಂದಿತ್ತು, ಸುಳ್ಳ ಹೇಳೂದಿಲ್ಲ. ಆದ್ರ ಬೈಯೂ ಮಂದಿ ಭಾಳ ನೋಡೀನ್ರಿ. ಮೈಕ್ ಹಿಡದು ತಪ್ಪು ಒಪ್ಪಿಕೊಂಡವ್ರಂದ್ರ ನಿಮ್ಮನ್ನ ಒಬ್ಬರನ್ನs ನೋಡಿದ್ದು. ಅವತ್ತಿಂದ... ನನ್ನ ಮನಸ್ಸು ನಿಮ್ಮ ಕಡೇನs ಅದ ರೀ, ಶೈಲಾ."

ಅವಳ ಕಣ್ಣು ತುಂಬಿತು. ಆ ಜಗಳದ ನಂತರ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು.

"ನಂದೂ ಅಷ್ಟs ರೀ... ಹೇಳೂ ಧೈರ್ಯ ಇರಲಿಲ್ಲ."

"ಅವ್ವಗ ಹೇಳೀನಿ. ಕರಕೊಂಡು ಬಾ ಅಂದಾಳ. ಬರ್ತೀರೇನು?"

"ನಾ ಬೈದದ್ದೂ ಹೇಳೀರೇನು?"

"ಎಲ್ಲಾ ಹೇಳೀನಿ."

"ಅಯ್ಯ! ಯಾವ ಮುಖಾ ಹೊತ್ತು ಬರ್ಲಿ ನಾ?"

"ಇದs ಮುಖಾ ಸಾಕ್ರಿ ನನಗ."