ಗುಬ್ಬಿಗೆ ಕೋಣನ ಬಲ

ಮೇಷ್ಟ್ರು ಮೊದಲ ಸಲ ಅಂಗಡಿಗೆ ಬಂದಾಗ ನಾನು ಅವರನ್ನು ಕೊರಿಯರ್‌ನವರು ಅಂದುಕೊಂಡೆ. ಒಂದು ಮರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಅಲ್ಲೇ ಇಡಿ. ಸೈನ್ ಎಲ್ಲಿ ಹಾಕ್ಬೇಕು?" ಅಂದೆ, ಸೋಲ್ಡರಿಂಗ್ ಕೆಲಸದಿಂದ ತಲೆ ಎತ್ತದೆ.

"ಸೈನ್ ಬೇಡ. ಇದಕ್ಕೆ ಸ್ವಲ್ಪ ಶಕ್ತಿ ಬೇಕು."

ತಲೆ ಎತ್ತಿದೆ. ಆಮೇಲಿನದಕ್ಕೆಲ್ಲ ಅದೇ ಕಾರಣ.

ನಮ್ಮದು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಅಪ್ಪ ಶುರು ಮಾಡಿದ್ದು. ಅವರ ಕಣ್ಣು ಮಂಜಾದ ಮೇಲೆ, ಹನ್ನೊಂದು ವರ್ಷದಿಂದ ಕೆಲಸ ನನ್ನದು. ಅಪ್ಪ ಬಾಗಿಲ ಪಕ್ಕದ ಸ್ಟೂಲಿನಲ್ಲಿ ರೇಡಿಯೋ ಹಚ್ಚಿಕೊಂಡು ಕೂರುತ್ತಾರೆ. ಯಾರಾದರೂ ಗಿರಾಕಿ ಸ್ವಲ್ಪ ಚೆನ್ನಾಗಿ ಮಾತಾಡಿದರೆ ರೇಡಿಯೋ ಸದ್ದು ತಾನಾಗಿ ಕಡಿಮೆಯಾಗುತ್ತದೆ. ಆವತ್ತು ಪೂರ್ತಿ ನಿಂತೇ ಹೋಯಿತು.

ಬಂದವರು ಗಿಟಾರ್ ಕಲಿಸುವ ಮೇಷ್ಟ್ರು. ಪೆಟ್ಟಿಗೆ ಅವರ ಸೋದರಮಾವ ಕೈಯಾರೆ ಕಟ್ಟಿದ ಪುಟ್ಟ ಟ್ಯೂಬ್ ಆಂಪ್, ಹಳೇ ರೇಡಿಯೋಗಳ ಹಾಗೆ ಒಳಗೆ ಗಾಜಿನ ಟ್ಯೂಬ್ ಇರುವಂಥದು. ಮನೆಯಲ್ಲಿ ಅದರ ಹೆಸರು ಗುಬ್ಬಿ. ನುಡಿಸಿ ತೋರಿಸಿದರು. ದಿನಾ ಹತ್ತಾರು ಆಂಪ್ ಕೇಳುವ ಕಿವಿ ನನ್ನದು, ಸುಲಭಕ್ಕೆ ಸೋಲುವುದಿಲ್ಲ. ಆದರೆ ಆ ದನಿ, ಪಕ್ಕದ ಕೋಣೆಯಲ್ಲಿ ಮನೆಯವರು ಸಮಾಧಾನವಾಗಿ ಮಾತಾಡುತ್ತಿದ್ದ ಹಾಗಿತ್ತು.

"ಮುಂದಿನ ಶನಿವಾರ ನಾನೂರು ಕುರ್ಚಿಯ ಹಾಲಲ್ಲಿ ಪ್ರೋಗ್ರಾಂ ಇದೆ. ಪಕ್ಕದಲ್ಲಿ ಡ್ರಮ್ಸ್ ಶುರುವಾದ್ರೆ ಗುಬ್ಬಿ ಗಪ್‌ಚುಪ್. ಮೈಕ್ ಇಟ್ಟೂ ನೋಡಿದೆ, ಡ್ರಮ್ಸ್ ಸದ್ದೇ ಅದರೊಳಗೆ ನುಗ್ಗುತ್ತೆ" ಅಂದರು ಮೇಷ್ಟ್ರು.

"ಬೇರೆ ದೊಡ್ಡ ಆಂಪ್ ಬಾಡಿಗೆಗೆ ತಗೊಳ್ಳಿ."

"ಆಗಲ್ಲ ಮೇಡಂ. ಅಮ್ಮ ಬರ್ತಾರೆ." ಪೆಟ್ಟಿಗೆಯ ಅಂಚು ಸವರುತ್ತಾ ಹೇಳಿದರು. "ಮಾವ ಹೋಗಿ ಮೂರು ವರ್ಷ ಆಯ್ತು. ಆವತ್ತಿಂದ ಅಮ್ಮ ಗುಬ್ಬಿ ಸದ್ದು ಕೇಳಿಲ್ಲ. ನಾನು ನುಡಿಸೋಕೆ ಕೂತ್ರೆ ಎದ್ದು ಹೋಗ್ತಾರೆ. ಈ ಸಲ ಮಾತ್ರ, ತಮ್ಮನ ಪೆಟ್ಟಿಗೆ ತರೋದಾದ್ರೆ ಬರ್ತೀನಿ ಅಂತ ತಾವೇ ಅಂದಿದ್ದಾರೆ."

ಅಪ್ಪ ಸ್ಟೂಲಿನಿಂದಲೇ ಕೆಮ್ಮಿದರು. ಒಪ್ಪಿಕೋ ಅಂತ ಅರ್ಥ.

ಮೂಲೆಯಲ್ಲಿ ನಮ್ಮ ಕೋಣ ಇತ್ತು. ನೂರು ವ್ಯಾಟಿನ ಹಳೆಯ ಆಂಪ್, ಎತ್ತಲು ಇಬ್ಬರು ಬೇಕು. ಅಪ್ಪ ಅದನ್ನು ಇಷ್ಟು ವರ್ಷ ಹೊರಗೆ ಯಾರಿಗೂ ಕೊಟ್ಟವರಲ್ಲ.

"ನೋಡಿ ಮೇಷ್ಟ್ರೇ," ಅಂದೆ, "ಯಾವ ಆಂಪ್‌ಗಾದ್ರೂ ಎರಡು ಭಾಗ. ಮುಂದಿನದು ದನಿಗೆ ಗುಣ ಕೊಡುತ್ತೆ, ಹಿಂದಿನದು ಬಲ ಕೊಡುತ್ತೆ. ನಿಮ್ಮ ಗುಬ್ಬಿ ಮುಂದೆ ಬಂಗಾರ, ಹಿಂದೆ ಐದೇ ವ್ಯಾಟ್. ನಮ್ಮ ಕೋಣನ ದನಿ ಕೇಳೋ ಹಾಗಿಲ್ಲ, ಆದ್ರೆ ಬಲಕ್ಕೆ ಕೊರತೆ ಇಲ್ಲ. ಗುಬ್ಬಿಯ ದನಿ ತಗೊಂಡು ಕೋಣನ ಬಲಕ್ಕೆ ಸೇರಿಸೋಣ."

"ಅಂದ್ರೆ ಹಾಡೋದು ಗುಬ್ಬಿ, ಕೂಗೋದು ಕೋಣ?"

"ಹೂಂ."

"ನಮ್ಮ ಮನೇಲೂ ಹಾಗೇ ಬಿಡಿ. ಅಪ್ಪ ಮನಸ್ಸಲ್ಲಿ ಅಂದುಕೊಳ್ತಿದ್ರು, ಅಮ್ಮ ಕೂಗಿ ಹೇಳ್ತಿದ್ರು."

ನಗು ತಡೆಯಲು ಸ್ಕ್ರೂಡ್ರೈವರ್ ಹುಡುಕುವ ಹಾಗೆ ನಟಿಸಿದೆ. ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು. ಅವರು ಅದನ್ನು ನೋಡಿದರು.

ಗುಬ್ಬಿಯ ಬೆನ್ನಿಗೆ ತೂತು ಕೊರೆದು, ಮುಂದಿನ ಭಾಗದ ದನಿ ಹೊರಬರುವಂತೆ ಕೇಬಲ್ ಚುಚ್ಚುವ ಒಂದು ಜ್ಯಾಕ್ ಕೂರಿಸಿದೆ. ಡ್ರಿಲ್ ಓಡುವಷ್ಟು ಹೊತ್ತೂ ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಮಾರನೆಯ ದಿನ ಅವರೇ ಗುಬ್ಬಿಯ ಕೇಬಲನ್ನು ಕೋಣನ ಮುಂಭಾಗದ ಜ್ಯಾಕಿಗೆ ಚುಚ್ಚಿದರು. ಬಂದ ಕರ್ಕಶ ಸದ್ದಿಗೆ ಅಪ್ಪ ಎದ್ದು ನಿಂತರು.

"ಮುಂದೆ ಚುಚ್ಚಿದ್ರೆ ಗುಬ್ಬಿ ಹೇಳಿದ್ದನ್ನ ಕೋಣ ತನ್ನ ಬಾಯಲ್ಲಿ ಹೇಳುತ್ತೆ. ಹಿಂದೆ ರಿಟರ್ನ್ ಅಂತ ಇದೆ ನೋಡಿ, ಅಲ್ಲಿ ಚುಚ್ಚಿ, ಅದು ನೇರ ಬಲದ ಭಾಗಕ್ಕೆ ಹೋಗುತ್ತೆ" ಅಂದೆ.

ಇಬ್ಬರೂ ಕೋಣನ ಹಿಂದೆ ಬಗ್ಗಿದೆವು. ಜಾಗ ಇದ್ದದ್ದು ಒಬ್ಬರಿಗೆ. ಅವರ ತೋಳು ನನ್ನ ಭುಜಕ್ಕೆ ತಗುಲಿತು. ಸರಿಯಬಹುದಿತ್ತು. ಇಬ್ಬರೂ ಸರಿಯಲಿಲ್ಲ. ಕೇಬಲ್ ಕೂತಿತು. ಆ ಮೆತ್ತನೆಯ ದನಿ ಇಡೀ ಅಂಗಡಿ ತುಂಬಿ, ಶೆಲ್ಫಿನ ಸ್ಕ್ರೂ ಡಬ್ಬಿಗಳನ್ನೆಲ್ಲ ನಡುಗಿಸಿತು.

ಆ ವಾರ ದಿನಾ ಮಧ್ಯಾಹ್ನ ಬಂದರು. ಒಂದು ದಿನ ವಾಲ್ಯೂಮ್ ಹೊಂದಿಸಬೇಕು ಅಂದರು, ಇನ್ನೊಂದು ದಿನ ಸಣ್ಣ ಗುಂಯ್ ಸದ್ದು ಅಂದರು. ಗುಂಯ್ ಸದ್ದು ನನಗೆ ಕೇಳಿಸಲೇ ಇಲ್ಲ. ಆದರೂ ಎರಡು ಗಂಟೆ ಹುಡುಕಿದೆವು.

"ಈ ಹುಡುಗನ ಕಿವಿ ಬಹಳ ಸೂಕ್ಷ್ಮ" ಅಂದರು ಅಪ್ಪ, ಅವರು ಹೋದ ಮೇಲೆ. "ಇಲ್ಲದೇ ಇರೋದೂ ಕೇಳಿಸುತ್ತೆ."

ಇನ್ನು ನನ್ನ ತಪ್ಪು.

ಟ್ಯೂಬ್ ಆಂಪ್ ಚಾಲೂ ಇದ್ದಾಗ ಅದರ ಸ್ಪೀಕರ್ ವೈರ್ ಕೀಳಬಾರದು. ಕಿತ್ತರೆ ಬಲ ಹೊರಗೆ ಹೋಗಲು ದಾರಿಯಿಲ್ಲದೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಗುಬ್ಬಿಯ ದನಿ ಕೋಣನಿಂದ ಬರುತ್ತಿದ್ದರೂ ಗುಬ್ಬಿಗೆ ಅದರ ಸ್ವಂತ ಸ್ಪೀಕರ್ ಇರಲೇಬೇಕು. ಅದಕ್ಕೇ ಅಪ್ಪನ ಕಾಲದಿಂದ ನಮ್ಮಲ್ಲೊಂದು ಪದ್ಧತಿ: ಆಂಪ್ ಹೊರಗೆ ಹೋಗುವ ಮುಂಚೆ ಸ್ಪೀಕರ್ ವೈರಿಗೆ 'ಕೀಳಬೇಡಿ' ಅಂತ ಬರೆದ ಕೆಂಪು ಪಟ್ಟಿ ಕಟ್ಟುವುದು, ಕಟ್ಟುತ್ತಾ ಬಾಯಿಬಿಟ್ಟು ಹೇಳುವುದು.

ಶುಕ್ರವಾರ ಪಟ್ಟಿ ಬರೆದು ಕೈಯಲ್ಲಿ ಹಿಡಿದಿದ್ದೆ. ಆಗ ಮೇಷ್ಟ್ರು ಅಂದರು, "ನಾಳೆ ನೀವೂ ಬರ್ಬೇಕು. ಮುಂದಿನ ಸಾಲಲ್ಲಿ, ಅಮ್ಮನ ಪಕ್ಕ, ನಿಮಗೊಂದು ಕುರ್ಚಿ ಹಿಡಿದಿಟ್ಟಿದ್ದೀನಿ."

"ಕೋಣನ ಯೋಗಕ್ಷೇಮ ನೋಡ್ಕೊಳ್ಳೋಕಾ?"

"ಕೋಣ ಒಂದು ನೆಪ" ಅಂದರು. ಕಿವಿಯ ತುದಿ ಕೆಂಪಾಗಿತ್ತು. ಮುಖ ಬೇರೆ ಕಡೆ ತಿರುಗಿಸಿದ್ದರಿಂದ ಆ ಕಿವಿಯೇ ಚೆನ್ನಾಗಿ ಕಾಣುತ್ತಿತ್ತು.

ಆಮೇಲೆ ನೆನಪಿರುವುದು ಗುಬ್ಬಿ, ಕೋಣ ಎರಡನ್ನೂ ಹೊತ್ತ ವ್ಯಾನ್ ಬೀದಿಯ ತಿರುವು ದಾಟಿದ್ದು ಮಾತ್ರ.

ಶನಿವಾರ ನಾಲ್ಕು ಗಂಟೆಗೆ ಫೋನ್ ಬಂತು. "ಮೇಡಂ, ಗುಬ್ಬಿ ಹೋಯ್ತು" ಅಂದರು.

ಹಾಲಿನ ಬಾಗಿಲಲ್ಲೇ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಮೇಷ್ಟ್ರು ಸ್ಟೇಜಿನ ಮೇಲೆ ಗುಬ್ಬಿಯ ಪಕ್ಕ ನೆಲಕ್ಕೆ ಕೂತಿದ್ದರು. "ಎರಡೂ ಕಡೆಯಿಂದ ಸದ್ದು ಬರ್ತಿತ್ತು. ಕೋಣನದು ಸಾಕಲ್ಲ ಅಂತ ಇದರ ಸ್ಪೀಕರ್ ವೈರ್ ಕಿತ್ತೆ. ಬುದ್ಧಿ ಇಲ್ಲ ನನಗೆ. ಅಮ್ಮನಿಗೆ ಏನು ಹೇಳ್ಲಿ?"

ನಿನ್ನೆಯದೇ ಜೀನ್ಸಿನ ಜೇಬಿಗೆ ಕೈ ಹಾಕಿದೆ. ಪಟ್ಟಿ ಅಲ್ಲೇ ಇತ್ತು.

ಆಗಲೇ ಹೇಳಬೇಕಿತ್ತು. ಬದಲಿಗೆ ಗುಬ್ಬಿಯ ಬೆನ್ನು ಬಿಚ್ಚಿದೆ. ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು, ಫ್ಯೂಸ್ ಹಾರಿತ್ತು. ಮುಂದಿನ ಭಾಗಕ್ಕೆ ಏನೂ ಆಗಿರಲಿಲ್ಲ. ಬಲದ ಭಾಗದ ಟ್ಯೂಬ್ ಕಿತ್ತಿಟ್ಟೆ, ಟ್ರಾನ್ಸ್‌ಫಾರ್ಮರಿನ ತಂತಿ ಕತ್ತರಿಸಿ ಟೇಪ್ ಸುತ್ತಿದೆ, ಹೊಸ ಫ್ಯೂಸ್ ಹಾಕಿದೆ.

"ಈಗ ಒಂಟಿಯಾಗಿ ನುಡಿಯಲ್ಲ. ಕೋಣನ ಜೊತೆ ನುಡಿಯುತ್ತೆ. ಬಾರಿಸಿ" ಅಂದೆ.

ನುಡಿಯಿತು. ಮೇಷ್ಟ್ರು ಗಿಟಾರಿನ ಮೇಲೆ ಹಣೆ ಇಟ್ಟರು.

ಆರು ಗಂಟೆಗೆ ಪ್ರೋಗ್ರಾಂ ಶುರುವಾಯಿತು. ನಾನು ಅವರ ಅಮ್ಮನ ಪಕ್ಕ ಕೂತಿದ್ದೆ. ಮೊದಲ ಸ್ವರಕ್ಕೇ ಅವರು ನನ್ನ ಮೊಣಕೈ ಹಿಡಿದರು. ನಾನು ಯಾರು ಅಂತ ಸರಿಯಾಗಿ ಗೊತ್ತೂ ಇರಲಿಲ್ಲ. ಹಾಡು ಮುಗಿಯುವ ತನಕ ಬಿಡಲಿಲ್ಲ.

"ಅವನದೇ" ಅಂದರು ಕೊನೆಗೆ. ಅಷ್ಟೇ ಅಂದರು. ಈ ಸಲ ಎದ್ದು ಹೋಗಲಿಲ್ಲ.

ಜನ ಖಾಲಿಯಾದ ಮೇಲೆ ಅಮ್ಮ ಸ್ಟೇಜ್ ಹತ್ತಿ ಗುಬ್ಬಿಯನ್ನು ಸವರಿದರು. ಮೇಷ್ಟ್ರು ಸುಮ್ಮನಿರಲಿಲ್ಲ. "ಅಮ್ಮ, ಇವತ್ತು ಇದರ ಅರ್ಧ ನಾನೇ ಸುಟ್ಟೆ. ಮಾವ ಕೈಯಾರೆ ಸುತ್ತಿದ್ದ ಟ್ರಾನ್ಸ್‌ಫಾರ್ಮರ್ ಹೋಯ್ತು" ಅಂದರು. ಅಮ್ಮನ ಮುಖ ಸಣ್ಣದಾಯಿತು. ಮೇಷ್ಟ್ರು ತಲೆ ತಗ್ಗಿಸಿ ನಿಂತರು.

ನಾನು ತುಟಿ ಪಿಟಕ್ಕೆನ್ನದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಜನ್ಮವಿಡೀ ಅವರು ಆ ತಪ್ಪನ್ನು ಹೊತ್ತು ತಿರುಗುತ್ತಿದ್ದರು. ಪಟ್ಟಿ ತೆಗೆದು ಅವರ ಕೈಗೆ ಕೊಟ್ಟೆ.

"ಇದನ್ನ ನಿನ್ನೆ ಆ ವೈರಿಗೆ ಕಟ್ಟಿ, ಬಾಯಲ್ಲೂ ಹೇಳ್ಬೇಕಿತ್ತು. ಎರಡೂ ಮಾಡ್ಲಿಲ್ಲ. ತಪ್ಪು ನಂದು, ನಿಮ್ಮದಲ್ಲ."

ಮೇಷ್ಟ್ರು ಓದಿದರು. "ಹೋಗ್ಲಿ ಬಿಡಿ. ಮರೆವು ಯಾರಿಗಿಲ್ಲ?"

"ನನಗಿಲ್ಲ. ಹನ್ನೊಂದು ವರ್ಷದಲ್ಲಿ ಒಂದೂ ಮರೆತಿಲ್ಲ."

"ಮತ್ತೆ ನಿನ್ನೆ?"

"ನಿಮ್ಮನ್ನ ನೋಡ್ತಾ ನಿಂತೆ" ಅಂದೆ. "ಒಂದು ವಾರದಿಂದ ಅದೇ ಕೆಲಸ ಆಗಿದೆ. ಹೇಳ್ದೇ ಇದ್ರೆ ಈ ತಪ್ಪಿಗೆ ಬೇರೆ ಕಾರಣ ಕಟ್ಬೇಕಾಗುತ್ತೆ. ಅದು ನನ್ನ ಕೈಲಿ ಆಗಲ್ಲ."

ಅಮ್ಮ ನಮ್ಮಿಬ್ಬರನ್ನೂ ಒಂದು ಸಲ ನೋಡಿ, "ವ್ಯಾನ್ ಬಂತಾ ನೋಡ್ತೀನಿ" ಅಂತ ಕೆಳಗಿಳಿದರು. ವ್ಯಾನ್ ಬಂದು ಆಗಲೇ ಹದಿನೈದು ನಿಮಿಷವಾಗಿತ್ತು.

ಮೇಷ್ಟ್ರು ಪಟ್ಟಿಯನ್ನು ಮಡಚಿದರು, ಬಿಚ್ಚಿದರು. "ಟ್ರಾನ್ಸ್‌ಫಾರ್ಮರ್?"

"ಮಾವ ಎಷ್ಟು ಸುತ್ತು ಸುತ್ತಿದ್ರೋ ಅದೇ ಲೆಕ್ಕಕ್ಕೆ ನಾನೇ ಸುತ್ತಿ ಕೊಡ್ತೀನಿ. ಒಂದು ತಿಂಗಳು ಬೇಕು. ಅಲ್ಲೀತನಕ ಗುಬ್ಬಿ ಕೋಣನ ಜೊತೆ ಅಂಗಡೀಲೇ ಇರ್ಬೇಕು. ನುಡಿಸೋದಾದ್ರೆ ನೀವೇ ಬರ್ಬೇಕಾಗುತ್ತೆ."

"ಎರಡು ತಿಂಗಳು ತಗೊಳ್ಳಿ" ಅಂದರು. ಕಿವಿ ಮತ್ತೆ ಕೆಂಪಾಗಿತ್ತು, ಆದರೆ ಈ ಸಲ ಮುಖ ತಿರುಗಿಸದೆ ನೇರ ನನ್ನ ಕಡೆ ನೋಡಿ ಅಂದರು, "ಗುಂಯ್ ಸದ್ದು ಇರ್ಲೇ ಇಲ್ಲ."

"ಗೊತ್ತಿತ್ತು" ಅಂದೆ.

ಸೋಮವಾರ ಅವರು ಗುಬ್ಬಿಯನ್ನು ಅವುಚಿಕೊಂಡು ಬಾಗಿಲಿಗೆ ಬಂದಾಗ, "ಕೊರಿಯರ್‌ನವರು ಬಂದ್ರು ನೋಡಮ್ಮ" ಅಂದರು ಅಪ್ಪ, ರೇಡಿಯೋ ಆರಿಸುತ್ತಾ. ಆ ಕೆಂಪು ಪಟ್ಟಿಯನ್ನು ಮೇಷ್ಟ್ರು ಗುಬ್ಬಿಯಿಂದ ಕೋಣನಿಗೆ ಹೋಗುವ ಕೇಬಲ್ಲಿಗೆ ಕಟ್ಟಿದರು. ಅಲ್ಲಿ ಅದರ ಅಗತ್ಯವೇ ಇಲ್ಲ, ಆ ಕೇಬಲ್ ಕಿತ್ತರೆ ಏನೂ ಸುಡುವುದಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಈಗ ಮೂರು ತಿಂಗಳಾಯಿತು. ಭಾನುವಾರ ಮೇಷ್ಟ್ರ ಅಮ್ಮನೂ ಬಂದು ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು ಕೇಳುತ್ತಾರೆ. ಟ್ರಾನ್ಸ್‌ಫಾರ್ಮರ್ ಸುತ್ತಿ ಮುಗಿದು ಆರು ವಾರವಾಯಿತು, ಯಾರಿಗೂ ಹೇಳದೆ ಎರಡನೇ ಡ್ರಾಯರಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ನಿನ್ನೆ ಮೇಷ್ಟ್ರು ಟೇಪ್ ಹುಡುಕುತ್ತಾ ಆ ಡ್ರಾಯರ್ ಎಳೆದರು, ಬಟ್ಟೆ ಸರಿಸಿ ನೋಡಿದರು. ಆಮೇಲೆ ಬಟ್ಟೆಯನ್ನು ಮೊದಲಿದ್ದ ಹಾಗೆಯೇ ಹೊದಿಸಿ, ಟೇಪ್ ತೆಗೆದುಕೊಂಡು, ಡ್ರಾಯರ್ ಮುಚ್ಚಿದರು.