ಮುಗಿದ ಚೀಟಿಗಳ ಮುಳ್ಳು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ, ಅವಳು ಎದ್ದವಳೇ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಚೀಟಿ ಬರೆದಿಟ್ಟಳು: "ಇವತ್ತು ಸೋಮವಾರ. ಕೊಡೆ ಬಾಗಿಲ ಹಿಂದಿದೆ." ಬರೆದು ಮುಗಿಸಿದ ಮೇಲೆ, ಓದುವವನಿಲ್ಲ ಎಂದು ನೆನಪಾಯಿತು.

ಎರಡು ವರ್ಷದ ಹಿಂದೆ ಗಂಡನ ಮಿದುಳಿಗೆ ಸೋಂಕು ಏರಿತ್ತು. ಹತ್ತೊಂಬತ್ತು ದಿನ ಕಣ್ಣು ಬಿಡದೆ ಮಲಗಿದ್ದ. ಎದ್ದಾಗ ಮಸೂರ ಉಜ್ಜುವ ವಿದ್ಯೆ ಕೈಯಲ್ಲಿ ಹಾಗೆಯೇ ಇತ್ತು. ಹತ್ತು ನಿಮಿಷದ ಹಿಂದೆ ಕೇಳಿದ ಮಾತು ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ದಣಿದುಹೋಗುತ್ತಿದ್ದ. ಹಾಗಾಗಿ ದುರ್ಬೀನು, ಸೂಕ್ಷ್ಮದರ್ಶಕ ರಿಪೇರಿ ಮಾಡುವ ಕಾರ್ಯಾಗಾರದಲ್ಲಿ ಅವನದು ಒಂದು ಗಂಟೆಯವರೆಗಿನ ಕೆಲಸ. ಅಲ್ಲಿಯ ಏರ್ಪಾಟು ಅವಳದೇ: ಬಾಯಿಮಾತು ಬೇಡ. ಕೊಡುವವರು ಕೆಲಸವನ್ನೂ ಕೊಟ್ಟ ಗಂಟೆಯನ್ನೂ ಬರೆದು ಅವನ ತಟ್ಟೆಯಲ್ಲಿಡಬೇಕು. ಮುಗಿಸಿ, ವಸ್ತುವನ್ನು ಒಪ್ಪಿಸಿ, ಅವನು ಚೀಟಿಯನ್ನು ಮೇಜಿನ ಮೇಲಿನ ಕಬ್ಬಿಣದ ಮುಳ್ಳಿಗೆ ಚುಚ್ಚಬೇಕು. ತಟ್ಟೆಯಲ್ಲಿದ್ದದ್ದು ಆಗಬೇಕಾದದ್ದು, ಮುಳ್ಳಿನಲ್ಲಿದ್ದದ್ದು ಆದದ್ದು. ಅಷ್ಟು ಸಾಕಾಗಿತ್ತು ಅವನಿಗೆ.

ಒಂಬತ್ತಕ್ಕೆ ಕಾರ್ಯಾಗಾರದ ಯಜಮಾನ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ತಪ್ಪು ತಿಳೀಬೇಡಮ್ಮ. ಕಾಲೇಜಿನವರ ಹಳೇ ದುರ್ಬೀನಿನ ಮಸೂರ ಸಿಗ್ತಿಲ್ಲ. ಕೊನೇ ದಿನ, ಗುರುವಾರ, ಅವನ ಕೈಗೆ ಹೋಗಿತ್ತು. ಎಲ್ಲೋ ಇಟ್ಟು ಮರೆತಿದಾನೆ ಅಂತಿದಾರೆ ಎಲ್ಲರೂ. ಅವನ ಬಟ್ಟೆಬರೆಯಲ್ಲಿ ಒಮ್ಮೆ ನೋಡ್ತೀಯಾ?"

ನೋಡುತ್ತೇನೆ ಎಂದಳು. ಆ ಗುರುವಾರ ಅವನು ಮನೆಗೆ ಬಂದವನೇ "ನಾನೇನೋ ಕಳೆದುಬಿಟ್ಟೆ" ಎಂದಿದ್ದ. "ಮತ್ತೆ ಮರೆತಿರಾ?" ಎಂದು ಅವಳು ಸಿಡುಕಿದ್ದಳು. ದಣಿದು ಮಲಗಿದವನಿಗೆ ಸಂಜೆ ಫಿಟ್ಸ್ ಬಂತು; ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಅವನಿಗೆ ಅವಳು ಆಡಿದ ಕೊನೆಯ ಮಾತು ಅದು.

ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು ಎರಡೇ: ಒಂದು ಕೆಲಸದ ಚೀಟಿ, ಮತ್ತು ಸೂಕ್ಷ್ಮ ಕೆಲಸಕ್ಕೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ, ಕಾಗದದಲ್ಲಿ ಸುತ್ತಿದ ಪುಟ್ಟ ಕಣ್ಣುಮಸೂರ. ಎರಡನ್ನೂ ಹಿಡಿದು ಕೆಳಗಿನ ಮನೆಗೆ ಇಳಿದಳು. ಅಲ್ಲಿದ್ದವಳು ಮಾವನ ಅಕ್ಕ, ದೊಡ್ಡತ್ತೆ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಮೂವತ್ತು ವರ್ಷ ನಕಲು ಹಿಡಿದವಳು. ಬೀದಿಯಲ್ಲಿ ಯಾರ ಮನೆಯ ಬೆಕ್ಕು ಕಳೆದರೂ ಮೊದಲು ಬರುತ್ತಿದ್ದದ್ದು ಇವಳ ಬಾಗಿಲಿಗೆ.

"ದುರ್ಬೀನಿನ ಮಸೂರ, ಹೊಳಪು ಮಾಡಿ, ಒಂಬತ್ತೂವರೆ," ಎಂದು ದೊಡ್ಡತ್ತೆ ಓದಿ ಚೀಟಿಯನ್ನು ಕಿಟಕಿಗೆ ಹಿಡಿದಳು. ನಟ್ಟನಡುವಿನಿಂದ ಬೆಳಕಿನ ಚುಕ್ಕಿಯೊಂದು ಅವಳ ಕೆನ್ನೆಯ ಮೇಲೆ ಬಿತ್ತು. "ಇದು ಅವನಿಗೆಲ್ಲಿ ಸಿಕ್ಕಿದ್ದು?"

"ತಟ್ಟೇಲೇ ಇರಬೇಕು. ಚೀಟಿ ಇದೆ, ಮಸೂರ ಇಲ್ಲ ಅಂತ ಒದ್ದಾಡಿರ್ತಾರೆ."

"ಚಪ್ಪಲಿ ಹಾಕ್ಕೋ. ಸತ್ತವನ ಮೇಲೆ ಗೂಬೆ ಕೂರಿಸೋದು ಸುಲಭ, ಅದನ್ನ ಇಳಿಸೋಣ."

ಕಾರ್ಯಾಗಾರದಲ್ಲಿ ಅವನ ಮೇಜನ್ನು ಯಾರೂ ಮುಟ್ಟಿರಲಿಲ್ಲ. ಮುಳ್ಳಿನಲ್ಲಿ ಗುರುವಾರದ ನಾಲ್ಕು ಚೀಟಿಗಳಿದ್ದವು. ದೊಡ್ಡತ್ತೆ ಒಂದೊಂದನ್ನೇ ಬಿಡಿಸಿ ದೀಪಕ್ಕೆ ಹಿಡಿದು ಸಾಲಾಗಿ ಇಟ್ಟಳು.

"ಗುರುವಾರ ಯಾರು ಎಲ್ಲಿದ್ರಿ?"

"ನಾನು ಬೆಳಗ್ಗೇನೇ ಆಸ್ಪತ್ರೆಗೆ ಸೂಕ್ಷ್ಮದರ್ಶಕ ಕೊಡೋಕೆ ಹೋಗಿದ್ದೆ. ಬಂದಿದ್ದು ಮೂರಕ್ಕೆ," ಎಂದ ಯಜಮಾನ.

"ಮಗಳ ಶಾಲೆಗೆ ಹನ್ನೊಂದಕ್ಕೆ ಹೊರಟೆ. ಮತ್ತೆ ಬರಲಿಲ್ಲ," ಎಂದಳು ಕೌಂಟರಿನಲ್ಲಿ ಕೂರುವ ಅಕ್ಕ. "ಒಂಬತ್ತೂವರೆ, ಹತ್ತು, ಹತ್ತೂವರೆ, ಈ ಮೂರು ಚೀಟಿ ನಂದು. ಆಮೇಲಿನ ಎರಡೂ ಮೇಸ್ತ್ರಿದು."

ಹಿರಿಯ ಮೇಸ್ತ್ರಿ ಕನ್ನಡಕ ಒರೆಸುತ್ತಿದ್ದ. "ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಇದ್ದೆ. ಪಾಪ, ಹುಡುಗನ ತಲೆ ನಿಮಗೆ ಗೊತ್ತಲ್ಲ."

"ಗೊತ್ತು. ಕೈಯೂ ಗೊತ್ತು. ಎಲ್ಲರೂ ಹತ್ತಿರ ಬನ್ನಿ," ಎಂದಳು ದೊಡ್ಡತ್ತೆ. "ಇದು ಅವನ ಜೇಬಲ್ಲಿದ್ದ ಚೀಟಿ. ನಡುವೆ ತೂತು. ಅಂದರೆ ಒಮ್ಮೆ ಮುಳ್ಳಿಗೆ ಏರಿತ್ತು. ಕೆಲಸ ಮುಗಿಸಿ, ಮಸೂರ ಒಪ್ಪಿಸಿಯೇ ಏರಿಸಿದ್ದಾನೆ. ಆಮೇಲೆ ಯಾರೋ ಅದನ್ನ ಇಳಿಸಿ ತಟ್ಟೆಗೆ ಹಾಕಿದರು."

"ಅವನೇ ಇಳಿಸಿರಬಹುದಲ್ಲ," ಎಂದ ಮೇಸ್ತ್ರಿ.

"ಇರಬಹುದು. ನೋಡೋಣ. ಇದು ಎಲ್ಲಕ್ಕಿಂತ ಕೆಳಗಿತ್ತು. ಇದನ್ನ ತೆಗೀಬೇಕಾದರೆ ಮೇಲಿನವನ್ನ ತೆಗೆದು ಮತ್ತೆ ಚುಚ್ಚಬೇಕು. ಹತ್ತು, ಹತ್ತೂವರೆ, ಹನ್ನೊಂದೂಕಾಲು, ಮೂರರಲ್ಲೂ ಎರಡೆರಡು ತೂತು. ಒಂದು ನಟ್ಟನಡುವೆ. ಅದು ಅವನದು, ಮಸೂರದ ಕೇಂದ್ರ ಹಿಡಿಯೋ ಕೈ. ಇನ್ನೊಂದು ಅಂಚಿಗೆ, ಹರಿದ ಹಾಗೆ. ಅದು ಅವಸರದ ಕೈ. ಕೊನೆಯದು, ಹನ್ನೆರಡೂವರೆಯದು, ಒಂದೇ ತೂತು, ನಡುವೆ. ಹಾಗಾದರೆ ಮುಳ್ಳನ್ನ ಬಿಚ್ಚಿದ್ದು ಹನ್ನೊಂದೂಕಾಲರ ನಂತರ, ಒಂದರ ಒಳಗೆ. ಯಜಮಾನರಿಲ್ಲ. ಈ ಅಕ್ಕ ಇಲ್ಲ."

ಸಾಣೆಯ ಯಂತ್ರವನ್ನು ಯಜಮಾನ ಆರಿಸಿದ.

"ಒಡೆದ ಮಸೂರವನ್ನೂ ಕಸಕ್ಕೆ ಹಾಕೋ ಜಾತಿ ಅಲ್ಲ ನೀವು," ಎಂದಳು ದೊಡ್ಡತ್ತೆ ಮೆಲ್ಲಗೆ. "ತಂದುಬಿಡಿ."

ಮೇಸ್ತ್ರಿ ತನ್ನ ಡ್ರಾಯರಿನಿಂದ ಬಟ್ಟೆಯ ಗಂಟು ತಂದು ಬಿಚ್ಚಿದ. ಮಸೂರದ ಅಂಚಿನಲ್ಲಿ ಉಗುರಿನಷ್ಟು ಚೂರು ಎದ್ದುಹೋಗಿತ್ತು. ಅವನ ಬೆರಳು ನಡುಗುತ್ತಿತ್ತು. ಅದು ಇವತ್ತಿನ ನಡುಕವಲ್ಲ ಎಂದು ಅವಳಿಗೆ ಕಂಡಿತು.

"ಆರು ತಿಂಗಳಾಯ್ತು ಹೀಗೆ," ಎಂದ. "ಹುಡುಗ ಚೆನ್ನಾಗಿಯೇ ಮಾಡಿಕೊಟ್ಟಿದ್ದ. ಚೌಕಟ್ಟಿಗೆ ಕೂರಿಸೋವಾಗ ನನ್ನ ಕೈ ಜಾರ್ತು. ಗೊತ್ತಾದರೆ ನನ್ನನ್ನ ಮನೇಲಿ ಕೂರಿಸ್ತಾರೆ. ಅವನನ್ನಾದರೆ ಯಾರೂ ಬೈಯಲ್ಲ, ಕಾಯಿಲೆಯವನು ಅಂತ ಬಿಟ್ಟುಬಿಡ್ತಾರೆ ಅಂದ್ಕೊಂಡೆ."

"ನಾನು ಬೈದೆ," ಎಂದಳು ಅವಳು.

ಮೇಸ್ತ್ರಿ ತಲೆ ತಗ್ಗಿಸಿದ. ಯಜಮಾನ ಏನೋ ಹೇಳಹೊರಟಾಗ ದೊಡ್ಡತ್ತೆ ಕೈಯೆತ್ತಿ ತಡೆದಳು. ಸೊಸೆ ತನ್ನ ಚೀಲದಿಂದ ಕಣ್ಣುಮಸೂರ ತೆಗೆದು, ಸುತ್ತಿದ್ದ ಕಾಗದ ಬಿಡಿಸಿದಳು. ಗಂಡನ ಅಕ್ಷರ: "ಮೇಸ್ತ್ರಿಯದು. ಎರವಲು ತಂದದ್ದು. ಕೊಡಬೇಕು."

ಕಣ್ಣುಮಸೂರವನ್ನು ಮೇಸ್ತ್ರಿಯ ಮುಂದಿಟ್ಟಳು.

"ಇದನ್ನೂ ಮರೆತಿರಲಿಲ್ಲ," ಎಂದಳು.

ಆಮೇಲೆ, ಕೊಡಬೇಕು ಎಂದಿದ್ದ ಆ ಚೀಟಿಯ ನಟ್ಟನಡುವನ್ನು ಬೆರಳಿನಿಂದ ಹುಡುಕಿ, ಬರಿದಾಗಿದ್ದ ಮುಳ್ಳಿಗೆ ಚುಚ್ಚಿದಳು.