ಟಾರ್ಪಿಯವರ ಬಲಗನ್ನಡಿ

2009ರ ಅಕ್ಟೋಬರ್ 13, ಮಂಗಳವಾರ. ಬೆಳಿಗ್ಗೆ ಹನ್ನೊಂದಕ್ಕೆ ಡ್ರಮ್‌ಕೀಲ್ ಠಾಣೆಯ ಬಾಗಿಲು ಎಂಥ ರಭಸದಲ್ಲಿ ತೆರೆಯಿತೆಂದರೆ, ಗೋಡೆ ಗಡಿಯಾರ ಒಂದು ಗಳಿಗೆ ನಿಂತು ಆಮೇಲೆ ಓಡಿತು. ಒಳಗೆ ಬಂದವರು ವಿಮಾ ಏಜೆಂಟ್ ಡೆಸ್ಮಂಡ್ ಟಾರ್ಪಿ. ಅವರ ಕೈಯಲ್ಲಿ ಕಾರಿನ ಪಕ್ಕದ ಕನ್ನಡಿಯೊಂದು ವೈರಿನ ತುದಿಗೆ ತೂಗಾಡುತ್ತಿತ್ತು.

ಇಡೀ ಲೀಟ್ರಿಮ್ ಜಿಲ್ಲೆಯಲ್ಲಿ ನಮ್ಮ ಠಾಣೆಯಂಥ ಠಾಣೆ ಇನ್ನೊಂದಿಲ್ಲ. ಇದ್ದದ್ದು ಇಬ್ಬರೇ ಪೊಲೀಸರು. ಆದರೆ ಅವರಲ್ಲಿ ಒಬ್ಬರು ಸಾರ್ಜೆಂಟ್ ಡರ್ಮಟ್ ಮುಲ್ವಿ. ಕಳುವಾದ ಕುರಿಯ ಕೂಗು ಕೇಳಿಯೇ ಅದು ಯಾವ ಮನೆಯದು, ಕದ್ದವನು ಯಾವ ಮನೆಯವನು ಎಂದು ಹೇಳಬಲ್ಲವರು. ಇನ್ನೊಬ್ಬ ಕಿಲಿಯನ್ ಡಂಫಿ, ಡಬ್ಲಿನ್‌ನಿಂದ ಮೊನ್ನೆ ಮೊನ್ನೆ ಬಂದವನು.

"ಹಾಡಹಗಲು, ಸಾರ್ಜೆಂಟರೇ! ನನ್ನ ಆಫೀಸಿನ ಮುಂದೆ! ಹೊಸಾ ಕಾರು!"

"ಹೊಡೆದಿದ್ದು ಯಾವ ಗಾಡಿ?"

"ಕೆಂಪು ಡಬ್ಬ. ನಿಲ್ಲಿಸ್ಲೇ ಇಲ್ಲ. ಓಡಿಸ್ತಿದ್ದೋನು ಹಸಿರು ಜಾಕೆಟ್ಟು, ತಲೆ ಮೇಲೆ ಅದರದ್ದೇ ಟೋಪಿ. ಇಪ್ಪತ್ತರ ಹುಡುಗ, ಬರ್ಕೊಳ್ಳಿ."

"ಮುಖ ನೋಡಿದ್ರಾ?"

"ಮುಖ ಯಾಕೆ ಬೇಕು? ಆ ವಯಸ್ಸಿನ ಗಂಡು ಎಂಥವನು ಅಂತ ನಮ್ಮ ಕಂಪನಿ ಕೋಷ್ಟಕವೇ ಹೇಳುತ್ತೆ. ಅದಕ್ಕೇ ಅವನ ಹತ್ರ ಕೇಳೋ ಪ್ರೀಮಿಯಂನಲ್ಲಿ ಅರ್ಧಾನೇ ಅದೇ ವಯಸ್ಸಿನ ಹುಡುಗಿ ಹತ್ರ ತಗೊಳ್ಳೋದು. ಸುಮ್ನೆನಾ?"

ಗುದ್ದಿ ನಿಲ್ಲಿಸದೆ ಹೋದ ಬಗ್ಗೆ ದೂರು ದಾಖಲಾಯಿತು. ಹನ್ನೊಂದೂವರೆಗೆ ಪೇಟೆ ಬೀದಿಯಲ್ಲಿ ಸ್ಥಳ ಮಹಜರು. ಮಳೆ ಹನಿಯುತ್ತಿತ್ತು. ಬೀದಿಯ ಎರಡೂ ಕಡೆ ಸಾಲು ಕಾರು. ನಡುವೆ ಒಂದು ದಪ್ಪ ಹಸು ಹೋಗಬೇಕಾದರೂ ಉಸಿರು ಬಿಗಿಹಿಡಿಯಬೇಕು. ಸಾರ್ಜೆಂಟ್ ಮುಲ್ವಿ ಟಾರ್ಪಿಯವರ ಬೆಳ್ಳಿ ಬಣ್ಣದ ಕಾರಿನ ಪಕ್ಕ ಮಂಡಿಯೂರಿ ಕೂತರು. ಬಲಗನ್ನಡಿ ಬುಡದಿಂದ ಹೋಗಿತ್ತು. ಬಾಗಿಲಿನ ಮೇಲೆ ಮಾತ್ರ ನೊಣ ಕೂತು ಎದ್ದ ಗುರುತೂ ಇರಲಿಲ್ಲ. ಹಿಂದಿನ ಕಾರು, ಮುಂದಿನ ಕಾರು, ಎದುರು ಸಾಲಿನವು, ಎಲ್ಲವೂ ಮದುವೆಗೆ ಹೊರಟ ಹಾಗೆ ಫಳಫಳ ಅನ್ನುತ್ತಿದ್ದವು. ಸಾರ್ಜೆಂಟರು ಬಹಳ ಹೊತ್ತು ಏಳಲಿಲ್ಲ.

ಅಷ್ಟರಲ್ಲಿ ಎದುರಿನ ಮಾಂಸದಂಗಡಿಯ ಮ್ಯಾಲಕಿ ಫೋಲಿಯ ಹೇಳಿಕೆಯನ್ನು ಕಿಲಿಯನ್ ಬರೆದುಕೊಂಡ. ಮ್ಯಾಲಕಿ ಅಂಗಡಿ ಮುಂದೆ ಗುಡಿಸುತ್ತಿದ್ದವನು ಕಾರನ್ನು ಗುರುತಿಸಿದ್ದ. ಗಿಲ್‌ಹೂಲಿ ಮನೆಯದು.

ಗಿಲ್‌ಹೂಲಿಗಳದು ಮೂವರಿಗೆ ಒಂದು ಕಾರು. ವಿಮೆ ಇದ್ದದ್ದು ಗ್ರಾನ್ಯಾ ಒಬ್ಬಳ ಹೆಸರಿನಲ್ಲಿ. ಮೂವತ್ತೊಂದರ ನರ್ಸು, ಕಂಪನಿಗಳು ಮುದ್ದು ಮಾಡುವ ವಯಸ್ಸು. ಅವಳು ಆ ಹೊತ್ತು ಸ್ಲೈಗೋ ಆಸ್ಪತ್ರೆಯಲ್ಲಿ ಡ್ಯೂಟಿ ಮೇಲಿದ್ದಳು, ಗೆಳತಿಯ ಕಾರಿನಲ್ಲಿ ಹೋಗಿದ್ದಳು. ಕಿಲಿಯನ್ ಫೋನ್ ಮಾಡಿ ಖಚಿತಪಡಿಸಿಕೊಂಡ. ಉಳಿದವರು ಅವಳ ತಮ್ಮ ಕಾಹಲ್, ಇಪ್ಪತ್ತೆರಡು, ಮತ್ತು ಅಜ್ಜಿ ಕನ್ಸೆಪ್ಟಾ, ಎಂಬತ್ತೆರಡು. ಈ ಇಬ್ಬರಲ್ಲಿ ಯಾರು ಸ್ಟೇರಿಂಗ್ ಮುಟ್ಟಿದರೂ ವಿಮೆಯಿಲ್ಲದೆ ಓಡಿಸಿದ ಅಪರಾಧ ಬೇರೆ.

ಹನ್ನೆರಡೂಕಾಲಿಗೆ ಪೊಲೀಸರು ಗಿಲ್‌ಹೂಲಿ ಮನೆಗೆ ಹೋದಾಗ ಮಳೆ ನಿಂತಿತ್ತು, ಅಜ್ಜಿ ಪೂಜೆಗೆಂದು ಚರ್ಚಿಗೆ ನಡೆದು ಹೋಗಿದ್ದಳು. ಕೊಟ್ಟಿಗೆಯಲ್ಲಿ ಕೆಂಪು ಕಾರಿನ ಎಂಜಿನ್ ಇನ್ನೂ ಬೆಚ್ಚಗಿತ್ತು. ಅದರ ಎಡಗನ್ನಡಿಯ ದಪ್ಪ ಕಬ್ಬಿಣದ ಕವಚದ ಮೇಲೆ ಬೆಳ್ಳಿ ಬಣ್ಣದ ಗೆರೆ. ಬಾಗಿಲ ಮೊಳೆಗೆ ಹಸಿರು ಜಾಕೆಟ್, ನೆಂದದ್ದು. ಕಾಹಲ್ ಅದರತ್ತ ನೋಡಿದ, ಆಮೇಲೆ ಸಾರ್ಜೆಂಟರತ್ತ.

"ಯಾರ ಜಾಕೆಟ್ಟೋ ಇದು?"

"ನಂದೇ."

"ಇವತ್ತು ಪೇಟೆಗೆ ಹೋದೋರು ಯಾರು?"

"ನಾನೇ, ಸಾರ್ಜೆಂಟ್."

"ಯೋಚ್ನೆ ಮಾಡಿ ಹೇಳು. ಸೋಮವಾರದಿಂದ ಹಾಲಿನ ಟ್ಯಾಂಕರ್ ಓಡಿಸೋಕೆ ಸೇರ್ತಿದೀಯ. ವಿಮೆ ಇಲ್ದೆ ಓಡಿಸ್ದೆ ಅಂತ ಕೇಸಾದ್ರೆ ಡೇರಿಯೋರು ನಿನಗೆ ತಳ್ಳೋ ಗಾಡೀನೂ ಕೊಡಲ್ಲ."

ಆ ಕೆಲಸಕ್ಕೆ ಅವನು ಎರಡು ವರ್ಷ ಕಾದಿದ್ದು ಊರಿಗೆಲ್ಲ ಗೊತ್ತಿತ್ತು. "ಯೋಚ್ನೆ ಮಾಡಾಯ್ತು. ನಾನೇ."

ಅವನನ್ನು ಠಾಣೆಗೆ ಕರೆತಂದರು. ಕಿಲಿಯನ್‌ಗೆ ಹಿಗ್ಗೋ ಹಿಗ್ಗು. "ಒಂದೂವರೆ ಗಂಟೇಲಿ ಕೇಸು ಮುಗೀತು ಸರ್! ಟಾರ್ಪಿ ಕೋಷ್ಟಕ ಸುಳ್ಳಾಗಲಿಲ್ಲ."

ಸಾರ್ಜೆಂಟ್ ಮುಲ್ವಿ ಮ್ಯಾಲಕಿಯ ಹೇಳಿಕೆ ಓದತೊಡಗಿದರು. ನಡುವೆ ಒಂದು ಸಾಲು: 'ಆರೋಪಿಯು ಹಾದುಹೋಗುವಾಗ ಸಾಕ್ಷಿಗೆ ಬೆರಳು ತೋರಿಸಿ ಅಶ್ಲೀಲ ಸನ್ನೆ ಮಾಡಿದನು.'

"ಇದೇನಯ್ಯಾ ಅಶ್ಲೀಲ?"

"ಅವರೇ ಅಂದ್ರು ಸರ್, ಬೆರಳೆತ್ತಿದ ಅಂತ."

"ಯಾವ ಬೆರಳು?"

ಅದನ್ನು ಕಿಲಿಯನ್ ಕೇಳಿಯೇ ಇರಲಿಲ್ಲ. ಸಾರ್ಜೆಂಟರು ಟೋಪಿಯನ್ನೂ ಹಾಕಿಕೊಳ್ಳದೆ ಮಾಂಸದಂಗಡಿಗೆ ನಡೆದರು.

"ಯಾವ ಬೆರಳೋ, ಮ್ಯಾಲಕಿ?"

"ತೋರುಬೆರಳು, ಇನ್ಯಾವುದು? ಸ್ಟೇರಿಂಗಿಂದ ಇಷ್ಟೇ ಇಷ್ಟು ಎತ್ತಿ ನಮಸ್ಕಾರ ಹೇಳ್ತು. ನಾನೂ ಎತ್ತಿದೆ. ಕನ್ನಡಿ ಹೋಯ್ತು ಅಂತ ಮರ್ಯಾದೆ ಬಿಡಕ್ಕಾಗುತ್ತಾ?"

ಠಾಣೆಗೆ ಮರಳಿ ಅವರು ಕಾಹಲ್‌ನ ಎದುರು ಕೂತರು.

"ಮ್ಯಾಲಕಿ ನಿಂತಿದ್ದನ್ನ ನೋಡಿದ್ಯಾ?"

"ನೋಡ್ದೆ."

"ಏನ್ ಮಾಡ್ದೆ?"

"ಏನಿಲ್ಲ. ಯಾವಾಗಿನಂಗೆ ಕತ್ತು ಆಡಿಸ್ದೆ."

"ಟಾರ್ಪಿ ಕಾರು ನಿನ್ನ ಎಡಕ್ಕಿತ್ತೋ ಬಲಕ್ಕೋ?"

"ಬಲಕ್ಕೆ... ಅಲ್ಲ..."

"ಬಿಡು," ಎಂದರು ಸಾರ್ಜೆಂಟರು. ಆಮೇಲೆ ಕಿಲಿಯನ್‌ನನ್ನು ಹೊರಗೆ ಕರೆದರು. "ನಮ್ಮ ಕಡೆ ಇಪ್ಪತ್ತರ ಹುಡುಗ್ರು ಬೆರಳೆತ್ತಲ್ಲ ಕಣಯ್ಯಾ, ಕತ್ತು ಆಡಿಸ್ತಾರೆ. ಬೆರಳೆತ್ತೋದು ಅರವತ್ತು ದಾಟಿದೋರು. ಅಪರಾಧ ಮಾಡಿ ಓಡ್ತಿದ್ರೂ ಎತ್ತೇ ಎತ್ತುತಾರೆ. ಇನ್ನೊಂದು ಮಾತು. ಹುಡುಗ ಆಗಿದ್ರೆ ಕನ್ನಡಿ ಜೊತೆ ಬಾಗಿಲೂ ಹೋಗ್ತಿತ್ತು. ಇದು ಗುದ್ದಿದ್ದಲ್ಲ, ಕೊಯ್ದಿದ್ದು. ಅಂಥ ಕೈ ಈ ಊರಲ್ಲಿ ಒಂದೇ ಇರೋದು."

ಆ ಕೈಯ ಬಗ್ಗೆ ಡಬ್ಲಿನ್‌ನವನಿಗೆ ಏನು ಗೊತ್ತು! ಕನ್ಸೆಪ್ಟಾ ಗಿಲ್‌ಹೂಲಿ ಮೂವತ್ತು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿದವಳು. ಮಂಜಿನಲ್ಲಿ ವ್ಯಾನೇ ಕಾಣದಿದ್ದರೂ ಬ್ರೆಡ್ಡು ಮಾತ್ರ ಬಿಸಿಬಿಸಿಯಾಗಿ ಬಾಗಿಲಿಗೆ ಬರುತ್ತಿತ್ತು. ಎರಡು ಹಾಲಿನ ಕ್ಯಾನುಗಳ ನಡುವೆ ಹಿಮ್ಮುಖವಾಗಿ ವ್ಯಾನು ನಿಲ್ಲಿಸಿದರೆ ಕ್ಯಾನಿನ ಹಾಲು ಕೂಡ ಅಲುಗುತ್ತಿರಲಿಲ್ಲ ಎಂದು ನಮ್ಮೂರಿನ ನೂರು ಜನ ಆಣೆ ಮಾಡಿ ಹೇಳುತ್ತಾರೆ. ಅದರಲ್ಲಿ ನಲವತ್ತು ಜನ ಆಗ ಹುಟ್ಟಿಯೇ ಇರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಚರ್ಚಿನ ಗೇಟಿನಲ್ಲಿ ಸಾರ್ಜೆಂಟರು ಅವಳನ್ನು ತಡೆದರು. ಅವಳ ಕೂದಲು ಆ ಬೆಳಿಗ್ಗೆಯಷ್ಟೇ ಸೆಟ್ ಮಾಡಿಸಿದ್ದು, ಒಂದು ಎಳೆಯೂ ಕದಲಿರಲಿಲ್ಲ.

"ಕನ್ಸೆಪ್ಟಾ ಅಮ್ಮಾ, ಕಾಹಲ್ ಠಾಣೇಲಿದಾನೆ. ಟಾರ್ಪಿ ಕನ್ನಡಿ ತಾನೇ ಹೊಡೆದೆ ಅಂತ ಒಪ್ಕೊಂಡಿದಾನೆ."

ಅವಳ ಮುಖ ಕೆಂಪಾಯಿತು. "ಅವನಾ? ನಮ್ಮ ಗೇಟಲ್ಲಿ ಟ್ರ್ಯಾಕ್ಟರ್ ನುಗ್ಗಿಸೋಕೆ ಮೂರು ಸಲ ಹಿಂದೆಮುಂದೆ ಮಾಡ್ತಾನೆ! ನಾನು ಮಾಡಿದ್ದನ್ನ ಅವನ ಹೆಸರಿಗೆ ಬರ್ಕೊಂಡ್ಯಾ, ಡರ್ಮಟ್? ನಾಚಿಕೆ ಆಗಲ್ವಾ ನಿನಗೆ?"

"ಮತ್ತೆ ಅವನ ಜಾಕೆಟ್ಟು?"

"ಕೂದ್ಲು ಮಾಡಿಸ್ಕೊಂಡು ಬಂದಿದ್ದೆ, ಹೊರಗೆ ಮಳೆ. ಕೆಡಿಸ್ಕೊಳ್ಳೋಕೆ ನನಗೇನು ಹುಚ್ಚಾ? ಕಾರಲ್ಲಿ ಸಿಕ್ಕಿದ್ದನ್ನ ಒಳಗೆ ಒಯ್ದಿದ್ದೆ, ಅದನ್ನೇ ತಲೆ ಮೇಲೆ ಎಳ್ಕೊಂಡೆ." ದನಿ ಇಳಿಸಿ ಕೇಳಿದಳು: "ಹುಡುಗನ ಕೆಲ್ಸಕ್ಕೇನೂ ಆಗಲ್ಲ ತಾನೆ?"

"ನೀವು ನಿಜ ಹೇಳಿದ್ರೆ ಆಗಲ್ಲ."

"ಹಾಗಾದ್ರೆ ನಡಿ. ಬೇಗ ನಡಿ."

1.20ಕ್ಕೆ ಕನ್ಸೆಪ್ಟಾ ಗಿಲ್‌ಹೂಲಿಯನ್ನು ಬಂಧಿಸಲಾಯಿತೆಂದು ದಾಖಲಾಗಿದೆ. ಠಾಣೆಯವರೆಗೆ ಅವಳೇ ಮುಂದೆ ನಡೆದಳು, ಪೊಲೀಸರು ಹಿಂದೆ. ಬೀದಿಯಲ್ಲಿದ್ದವರೆಲ್ಲ ಟೋಪಿ ತೆಗೆದರು.

ಕಾರಣವನ್ನು ಅವಳು ಚಹಾ ಬಂದ ಮೇಲೆ ಹೇಳಿದಳು. ಎಂಬತ್ತು ದಾಟಿದ ಮೇಲೆ ಹಳೆಯ ಕಂಪನಿ ಅವಳ ವಿಮೆಯನ್ನು ಮುಂದುವರಿಸಿರಲಿಲ್ಲ. ಹಿಂದಿನ ವಾರ ಟಾರ್ಪಿಯವರಲ್ಲಿಗೆ ಹೋಗಿ ಕೇಳಿದ್ದಳು. ಅವರು ಹೇಳಿದ ಮೊತ್ತ ಕಾಹಲ್‌ಗೆ ಹೇಳಿದ್ದಕ್ಕಿಂತ ಹೆಚ್ಚು.

"ಮೂವತ್ತರಲ್ಲಿ ಹೆಂಗ್ಸು ಅಂತ ಜಾಸ್ತಿ ತಗೊಂಡ್ರು, ಕೊಟ್ಟೆ. ಹೆಂಗಸ್ರು ಚೆನ್ನಾಗಿ ಓಡಿಸ್ತಾರೆ ಅಂತ ಇವರಿಗೆ ಬುದ್ಧಿ ಬರೋ ಹೊತ್ತಿಗೆ ನಾನು ಮುದುಕಿ ಆದೆ. ನಾನು ಸರಿ ಇದ್ದಿದ್ದು ಯಾವಾಗ, ಡರ್ಮಟ್? ಒಂದು ಗೀರಿಲ್ಲ ನನ್ನ ಹೆಸ್ರಲ್ಲಿ, ಐವತ್ನಾಲ್ಕು ವರ್ಷದಲ್ಲಿ. ಹೋಗ್ಲಿ ಅಂತ ಎದ್ದೆ. ಆಗ ಆ ಟಾರ್ಪಿ ತಲೇನೂ ಎತ್ತದೆ ಕೇಳ್ದ: ಈ ವಯಸ್ಸಲ್ಲಿ ಪಕ್ಕದ ಕನ್ನಡಿ ಕಾಣಿಸುತ್ತಾ ಅಜ್ಜೀ, ಅಂತ."

ಕಿಲಿಯನ್ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದ. ಅವನ ಭುಜ ಕುಲುಕುತ್ತಿತ್ತು. ಸಾರ್ಜೆಂಟರು ಮಾತ್ರ ನಗಲಿಲ್ಲ. ಅವಳ ಕಣ್ಣು ತೇವವಾಗಿದ್ದನ್ನು ಅವರು ಕಂಡಿದ್ದರು.

ಕಾಹಲ್ ಸೋಮವಾರ ಟ್ಯಾಂಕರ್ ಹತ್ತಿದ. ನವೆಂಬರ್‌ನಲ್ಲಿ ನ್ಯಾಯಾಲಯ ಕನ್ಸೆಪ್ಟಾಗೆ ದಂಡ ಹಾಕಿ ಎರಡು ವರ್ಷ ಲೈಸೆನ್ಸ್ ಕಿತ್ತುಕೊಂಡಿತು. ಎರಡನ್ನೂ ಅವಳು ಬೆನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಕೇಳಿದಳು. ಅವಳು ತಕರಾರು ಮಾಡಿದ್ದು ಒಂದಕ್ಕೇ, ಅದೂ ಬಂಧನದ ದಿನ, ಠಾಣೆಯಲ್ಲಿ. ಕಿಲಿಯನ್ ಬರೆದ ಹೇಳಿಕೆಗೆ ಸಹಿ ಹಾಕುವ ಮೊದಲು ಕನ್ನಡಕವಿಲ್ಲದೆ ಅದನ್ನು ಪೂರ್ತಿ ಓದಿ, 'ನನ್ನ ಕಾರು ಆಕಸ್ಮಿಕವಾಗಿ ಕನ್ನಡಿಗೆ ತಗುಲಿತು' ಎಂಬ ಸಾಲನ್ನು ಉಗುರಿನಿಂದ ತೋರಿಸಿದಳು.

"ಇದನ್ನ ಹೊಡೆದ್ಹಾಕಪ್ಪಾ. ಗುರಿ ಇಟ್ಟು ತೆಗೆದೆ ಅಂತ ಬರಿ."